ಬೇಮಾರಿಯ ಪಗಾರ ಎಂದು ಕೈ ಸೇರಬೇಕು?

ಕಾಯಿಲೆ ಬಿದ್ದ ನೌಕರನಿಗೆ ಸಿಗುವ ಹಣದ ಬಗ್ಗೆ ಎರಡು ಪ್ರಶ್ನೆಗಳಿವೆ. ಎಷ್ಟು ಸಿಗುತ್ತದೆ ಎಂಬುದು ಒಂದು. ಎಂದು ಸಿಗುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಆದರೆ ಸಂತೆಯಿಂದ ಸಂತೆಗೆ ಬದುಕುವ ಮನೆಗೆ ಎರಡನೆಯದೇ ದೊಡ್ಡದು. ಮೂರು ತಿಂಗಳ ನಂತರ ಬರುವ ಪೂರ್ತಿ ಹಣ ಈ ವಾರದ ಜೋಳ ತರುವುದಿಲ್ಲ. ಆ ಜೋಳ ಸಾಲದ ಮೇಲೆ ಬರುತ್ತದೆ. ಹಣ ಬರುವ ಹೊತ್ತಿಗೆ ಬಡ್ಡಿ ಅದರಲ್ಲಿ ಪಾಲು ಕೇಳುತ್ತದೆ.

ಕೇಳುಗರೇ, ಭಾಲ್ಕಿ ತಾಲ್ಲೂಕಿನ ಸಾಯಗಾಂವ ಹೋಬಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಭಾಗ. ಇಂಥ ಕಡೆ ಒಂದೇ ಓಣಿಯಲ್ಲಿ ನಾಲ್ಕು ಬಗೆಯ ದುಡಿಮೆ ಇರಬಹುದು. ಒಬ್ಬರು ಭಾಲ್ಕಿ ಪೇಟೆಯ ಬಟ್ಟೆ ಅಂಗಡಿಯಲ್ಲಿ. ಒಬ್ಬರು ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ. ಒಬ್ಬರು ಹೈದರಾಬಾದಿನ ಪಟಾನ್‌ಚೆರು ಕಡೆಯ ಕಾರ್ಖಾನೆಯಲ್ಲಿ. ಇನ್ನೊಬ್ಬರು ಸಕ್ಕರೆ ಕಾರ್ಖಾನೆಯಲ್ಲಿ, ಇಲ್ಲವೇ ಅದಕ್ಕೆ ಕಬ್ಬು ಕಡಿಯುವ ಟೋಳಿಯಲ್ಲಿ. ನಾಲ್ವರಿಗೂ ಒಂದೇ ದಿನ ಜ್ವರ ಬಂದರೂ ನಾಲ್ವರ ಕೈಗೆ ಹಣ ಬರುವ ದಿನ ಬೇರೆ ಬೇರೆ. ಒಬ್ಬರಿಗೆ ಬರುವುದೇ ಇಲ್ಲ.

ಈ ವ್ಯತ್ಯಾಸಕ್ಕೆ ಮೂಲ ಕಾರಣ ಒಂದೇ. ಬೇಮಾರಿಯ ಹಣವನ್ನು ಯಾರು ಕೊಡುತ್ತಾರೆ ಎಂಬುದು. ಕೆಲವರಿಗೆ ಮಾಲೀಕನೇ ಕೊಡುತ್ತಾನೆ. ಕೆಲವರಿಗೆ ವಿಮೆ ಕೊಡುತ್ತದೆ. ಮಾಲೀಕ ಕೊಡುವ ಹಣ ಪಗಾರದ ತಾರೀಖನ್ನು ಹಿಂಬಾಲಿಸುತ್ತದೆ. ವಿಮೆಯ ಹಣ ವೈದ್ಯರ ಚೀಟಿಯನ್ನು ಹಿಂಬಾಲಿಸುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದು ಸಲೀಸು.

ಮೊದಲು ಮಾಲೀಕ ಕೊಡುವ ಹಣ. ಕರ್ನಾಟಕದಲ್ಲಿ ಅಂಗಡಿ, ಹೋಟೆಲು, ಕಚೇರಿಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಪ್ರಕಾರ ನೌಕರನಿಗೆ ವರ್ಷಕ್ಕೆ 12 ದಿನ ಪಗಾರ ಸಹಿತ ರಜೆ ಉಂಟು. ಕಾಯಿಲೆ, ಅಪಘಾತ, ಇಲ್ಲವೇ ಬೇರೆ ಸಕಾರಣ ಇರಬೇಕು. ಇದು ಗಳಿಕೆ ರಜೆಗೆ ಹೊರತಾದದ್ದು. ಗಳಿಕೆ ರಜೆ ದುಡಿದ 20 ದಿನಕ್ಕೆ ಒಂದು ದಿನದಂತೆ ಬೇರೆಯಾಗಿ ಜಮೆಯಾಗುತ್ತದೆ. ಕಾರ್ಖಾನೆಗಳ ಸ್ಥಿತಿ ಬೇರೆ. ಕಾರ್ಖಾನೆ ಕಾನೂನಿನಲ್ಲಿ ಬೇಮಾರಿಗೆಂದೇ ರಜೆ ಇಲ್ಲ. ಅಲ್ಲಿ ಗಳಿಕೆ ರಜೆಯನ್ನೇ ಕಾಯಿಲೆಗೂ ಖರ್ಚು ಮಾಡಬೇಕು, ಇಲ್ಲವೇ ವಿಮೆಯನ್ನು ನಂಬಬೇಕು.

ಮಾಲೀಕನ ಹಣ ಎಂದು ಬರಬೇಕು? ಇದಕ್ಕೆ ಉತ್ತರ ಪಗಾರದ ಕಾನೂನಿನಲ್ಲಿದೆ. ಮೊದಲು 1936ರ ವೇತನ ಪಾವತಿ ಕಾಯ್ದೆ ಇತ್ತು. ಸಾವಿರಕ್ಕಿಂತ ಕಡಿಮೆ ಜನ ದುಡಿಯುವಲ್ಲಿ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬಟವಾಡೆ. ಸಾವಿರ ದಾಟಿದರೆ 10ರೊಳಗೆ. ಈಗ ಆ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ. ಉಳಿದ ಮೂರು ಕಾರ್ಮಿಕ ಸಂಹಿತೆಗಳ ಜೊತೆಗೆ ಅದು 2025ರ ನವೆಂಬರ್ 21ರಂದು ಜಾರಿಯಾಯಿತು. ಸಂಹಿತೆ ಈ ಭೇದ ತೆಗೆದುಹಾಕಿತು. ಮಾಲೀಕ ದಿನದ, ವಾರದ, ಹದಿನೈದು ದಿನದ ಅಥವಾ ತಿಂಗಳ ಲೆಕ್ಕದಲ್ಲಿ ಪಗಾರ ಗೊತ್ತುಮಾಡಬಹುದು. ತಿಂಗಳು ಮೀರಿದ ಲೆಕ್ಕ ಸಲ್ಲದು. ದಿನಗೂಲಿ ಪಾಳಿ ಮುಗಿಯುತ್ತಲೇ ಸಲ್ಲಬೇಕು. ವಾರದ ಕೂಲಿ ವಾರದ ಕಡೆಯ ಕೆಲಸದ ದಿನ. ಹದಿನೈದು ದಿನದ್ದು, ಅವಧಿ ಮುಗಿದ ಎರಡನೇ ದಿನದೊಳಗೆ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ದಿನದೊಳಗೆ.

ರಜೆಯ ದಿನದ ಪಗಾರಕ್ಕೆ ಪ್ರತ್ಯೇಕ ತಾರೀಖು ಇಲ್ಲ. ಅದು ಅದೇ ಬಟವಾಡೆಯಲ್ಲಿ ಸೇರಿ ಬರಬೇಕು. ಜೂನ್ ತಿಂಗಳಲ್ಲಿ ಐದು ದಿನ ಬೇಮಾರಿ ರಜೆ ತೆಗೆದುಕೊಂಡ ಅಂಗಡಿ ನೌಕರನ ಐದು ದಿನದ ಹಣ ಜುಲೈ 7ರೊಳಗೆ ಜೂನ್ ಪಗಾರದಲ್ಲಿಯೇ ಇರಬೇಕು. 'ದೀಪಾವಳಿ ಲೆಕ್ಕದಲ್ಲಿ ನೋಡೋಣ' ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಪೇಟೆಯಲ್ಲಿ ಆ ಮಾತು ಕೇಳಿಬರುವುದುಂಟು ಎಂಬುದು ಬೇರೆ ಸಂಗತಿ.

ಮಾಲೀಕನ ಹಣ ಪಗಾರದ ಜೊತೆ ಬರುತ್ತದೆ ಎಂಬುದಾಯಿತು. ಇನ್ನು ವಿಮೆಯ ಹಣ. ಇದೇ ಹೆಚ್ಚು ಜನರಿಗೆ ತಿಳಿಯದ ಭಾಗ.

ಕಾಯಿಲೆಗೆ ವಿಮೆ ಎಂಬ ಕಲ್ಪನೆ ಕಾನೂನಿನ ರೂಪ ಪಡೆದದ್ದು ಜರ್ಮನಿಯಲ್ಲಿ, 1883ರಲ್ಲಿ. ಬಿಸ್ಮಾರ್ಕ್ ಕಾಲದ ಆ ಕಾನೂನು 13 ವಾರದವರೆಗೆ ಅರ್ಧ ಕೂಲಿ ಕೊಡಿಸಿತು. ಭಾರತದಲ್ಲಿ ಪ್ರೊಫೆಸರ್ ಬಿ.ಪಿ. ಅಡಾರಕರ್ 1944ರಲ್ಲಿ ಇಂಥ ಯೋಜನೆಯ ವರದಿ ಕೊಟ್ಟರು. ಅದರಿಂದ 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಹುಟ್ಟಿತು. ಜನರ ಬಾಯಲ್ಲಿ ಅದು ಇಎಸ್‌ಐ. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಅದು ಶುರುವಾಯಿತು. ಈಗ ಈ ವಿಷಯವೆಲ್ಲ 2020ರ ಸಾಮಾಜಿಕ ಭದ್ರತೆ ಸಂಹಿತೆಯೊಳಗೆ ಸೇರಿದೆ. ಒಳಗಿನ ಲೆಕ್ಕ ಬಹುಪಾಲು ಹಳೆಯದೇ.

ಲೆಕ್ಕ ಹೀಗಿದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ. ತಿಂಗಳ ಪಗಾರ 21 ಸಾವಿರ ರೂಪಾಯಿ ಮೀರದ ನೌಕರ. ಅವನ ಪಗಾರದಿಂದ ನೂರಕ್ಕೆ ಮುಕ್ಕಾಲು ರೂಪಾಯಿ ಕಡಿತ. ಮಾಲೀಕನ ಪಾಲು ನೂರಕ್ಕೆ ಮೂರೂಕಾಲು. ಪಗಾರ 15 ಸಾವಿರವಾದರೆ ನೌಕರನಿಂದ ಸುಮಾರು 110, ಮಾಲೀಕನಿಂದ ಸುಮಾರು 490 ರೂಪಾಯಿ. ಬದಲಿಗೆ ಮನೆಮಂದಿಗೆಲ್ಲ ಚಿಕಿತ್ಸೆ. ನೌಕರ ಕಾಯಿಲೆ ಬಿದ್ದರೆ ಕಾಯಿಲೆ ಭತ್ಯೆ. ಅದು ಸರಾಸರಿ ದಿನಗೂಲಿಯ ನೂರಕ್ಕೆ 70. ವರ್ಷಕ್ಕೆ ಹೆಚ್ಚೆಂದರೆ 91 ದಿನ. 91 ಅಂದರೆ 13 ವಾರ. ಜರ್ಮನಿಯ ಹಳೆಯ ಅಂಕಿಯೇ ಇಲ್ಲಿಯೂ ಇದೆ.

ಮೊತ್ತ ಇಷ್ಟು. ಆದರೆ ಇವತ್ತಿನ ವಿಷಯ ಕಾಲದ್ದು. ವಿಮೆಯಲ್ಲಿ ಕಾಲ ಮೂರು ಕಡೆ ಅಡ್ಡ ಬರುತ್ತದೆ.

ಮೊದಲನೆಯದು ಆರು ತಿಂಗಳ ಲೆಕ್ಕ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಕಂತಿನ ಅವಧಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇನ್ನೊಂದು. ಒಂದು ಅವಧಿಯಲ್ಲಿ ಕನಿಷ್ಠ 78 ದಿನದ ಕಂತು ಸಂದಿರಬೇಕು. ಆಗ ಅದರ ಫಲದ ಅವಧಿ ತೆರೆಯುತ್ತದೆ. ತಕ್ಷಣವಲ್ಲ, ಮೂರು ತಿಂಗಳ ಬಳಿಕ. ಏಪ್ರಿಲ್–ಸೆಪ್ಟೆಂಬರ್‌ನ ಕಂತಿಗೆ ಫಲ ಜನವರಿಯಿಂದ ಜೂನ್‌ವರೆಗೆ. ಅಕ್ಟೋಬರ್–ಮಾರ್ಚ್‌ನ ಕಂತಿಗೆ ಜುಲೈಯಿಂದ ಡಿಸೆಂಬರ್‌ವರೆಗೆ. ಹೊಸದಾಗಿ ವಿಮೆಗೆ ಸೇರಿದವರಿಗೆ ಒಂಬತ್ತು ತಿಂಗಳು ಕಳೆಯದೆ ಭತ್ಯೆ ಇಲ್ಲ. ಚಿಕಿತ್ಸೆ ಮಾತ್ರ ಮೊದಲ ದಿನದಿಂದ ಉಂಟು.

ಒಂದು ಉದಾಹರಣೆ. ಬೀದರ್‌ನ ಬೇಳೆ ಗಿರಣಿಯಲ್ಲಿ ಹಿಂದಿನ ಬೇಸಿಗೆ ಮತ್ತು ಮಳೆಗಾಲದಲ್ಲಿ ಕೆಲಸ ಮಾಡದೆ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ದುಡಿದ ಕೆಲಸಗಾರ. ಅವನು ಮೇ ತಿಂಗಳ ಬಿಸಿಲಿನಲ್ಲಿ ಕಾಮಾಲೆಯಿಂದ ಮಲಗಿದ. ಆರು ತಿಂಗಳ ಕಂತು ಜಮೆಯಾಗಿದೆ. ಆದರೂ ಮೇ ತಿಂಗಳಿಗೆ ಭತ್ಯೆ ಇಲ್ಲ. ಮೇ ತಿಂಗಳು ನೋಡುವುದು ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರ್ ಅನ್ನು. ಅದೇ ಕಾಮಾಲೆ ಜುಲೈನಲ್ಲಿ ಬಂದಿದ್ದರೆ ಭತ್ಯೆ ಸಿಗುತ್ತಿತ್ತು. ಇದು ನ್ಯಾಯವೇ ಎಂದು ಕೇಳಿದರೆ, ಲೆಕ್ಕಪತ್ರದ ಅನುಕೂಲಕ್ಕೆ ಮಾಡಿದ ಏರ್ಪಾಡು ಎಂದಷ್ಟೇ ಹೇಳಬೇಕಾಗುತ್ತದೆ. ವರ್ಷವಿಡೀ ಒಂದೇ ಕಡೆ ದುಡಿಯುವವರಿಗೆ ಇದರ ಬಿಸಿ ತಟ್ಟುವುದಿಲ್ಲ. ಸುಗ್ಗಿ ನೋಡಿ ಕೆಲಸ ಬದಲಿಸುವ ಬೀದರ್ ಜಿಲ್ಲೆಯವರಿಗೆ ತಟ್ಟುತ್ತದೆ.

ಎರಡನೆಯದು ಕಾಯುವ ದಿನಗಳು. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ದಿನಗೂಲಿ 500 ರೂಪಾಯಿಯ ನೌಕರ ಹತ್ತು ದಿನ ಮಲಗಿದರೆ ಎಂಟು ದಿನದ ಲೆಕ್ಕ. ದಿನಕ್ಕೆ 350ರಂತೆ 2,800 ರೂಪಾಯಿ. ಆದರೆ ಭತ್ಯೆ ಪಡೆದ ಕಾಯಿಲೆ ಮುಗಿದ 15 ದಿನದೊಳಗೆ ಮತ್ತೆ ಬೇಮಾರಿ ಬಿದ್ದರೆ ಈ ಎರಡು ದಿನದ ಕಡಿತ ಮರುಕಳಿಸುವುದಿಲ್ಲ. ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ಇದು ಬೇಕಾದ ರಿಯಾಯಿತಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1952ರ ಒಡಂಬಡಿಕೆ ಮೂರು ದಿನದವರೆಗೆ ಕಾಯಿಸಬಹುದೆಂದು ಒಪ್ಪಿತ್ತು. ಬ್ರಿಟನ್ನಿನಲ್ಲಿಯೂ ಮೂರು ದಿನದ ಕಾಯುವಿಕೆ ಇತ್ತು. 2025ರ ಹೊಸ ಕಾನೂನು ಅದನ್ನು ತೆಗೆದುಹಾಕಿತು. ಅಲ್ಲಿ ಬೇಮಾರಿ ಹಣವನ್ನು ಮಾಲೀಕನೇ ಮಾಮೂಲಿ ಪಗಾರದ ದಿನ ಕೊಡುತ್ತಾನೆ.

ಆರು ತಿಂಗಳ ಲೆಕ್ಕ ಒಂದು, ಎರಡು ದಿನದ ಕಡಿತ ಒಂದು. ಇವೆರಡೂ ದಾಟಿದ ಮೇಲೆ ಮೂರನೆಯದು ಬರುತ್ತದೆ. ಹಣ ಎಷ್ಟು ದಿನಕ್ಕೊಮ್ಮೆ ಬರಬೇಕು ಎಂಬುದು ಇಲ್ಲಿಯೇ ತೀರ್ಮಾನವಾಗುತ್ತದೆ. ಕೇಳುಗರು ಇದನ್ನು ನಿಧಾನವಾಗಿ ಗಮನಿಸಬೇಕು.

ಇಎಸ್‌ಐ ದವಾಖಾನೆಯ ವೈದ್ಯರು ಪರೀಕ್ಷಿಸಿದ ದಿನ ಮೊದಲ ಪ್ರಮಾಣಪತ್ರ ಕೊಡುತ್ತಾರೆ. ಕಾಯಿಲೆ ಮುಂದುವರಿದರೆ ನಡುವಿನ ಪ್ರಮಾಣಪತ್ರ. ಇದು ಏಳು ದಿನಕ್ಕಿಂತ ಹೆಚ್ಚು ಅಂತರವಿಲ್ಲದೆ ಸಿಗಬೇಕು. ಗುಣವಾದಾಗ ಕೊನೆಯ ಪ್ರಮಾಣಪತ್ರ. ನಾಲ್ಕು ವಾರ ದಾಟಿದ ದೀರ್ಘ ಕಾಯಿಲೆಯಲ್ಲಿ ಪದೇ ಪದೇ ತೋರಿಸುವ ಅಗತ್ಯವಿಲ್ಲದಿದ್ದರೆ, ಒಂದೇ ಚೀಟಿಯಲ್ಲಿ ನಾಲ್ಕು ವಾರದವರೆಗೆ ಬರೆಯಲು ಅವಕಾಶವಿದೆ. ಪ್ರತಿ ಚೀಟಿಯ ಬೆನ್ನಿಗೆ ಒಂದು ಕ್ಲೇಮು ಹಾಕಬಹುದು. ಅಂದರೆ ವಾರಕ್ಕೊಮ್ಮೆ ಚೀಟಿ ಪಡೆದವರು ವಾರಕ್ಕೊಮ್ಮೆ ಹಣ ಕೇಳಬಹುದು. ಪೂರ್ತಿ ಗುಣವಾಗಲಿ, ಒಟ್ಟಿಗೆ ಕೇಳೋಣ ಎಂದು ಕಾಯುವ ಅಗತ್ಯವಿಲ್ಲ. ತಿಂಗಳುಗಟ್ಟಲೆ ಹಣ ತಡವಾಯಿತು ಎಂಬ ದೂರುಗಳ ಹಿಂದೆ, ನೌಕರನೇ ಚೀಟಿಗಳನ್ನು ಕೂಡಿಟ್ಟುಕೊಂಡು ಕೂತದ್ದೂ ಕಾರಣವಾಗಿರಬಹುದು.

ಚೀಟಿ ಒಪ್ಪಿಸಲು ಗಡುವಿದೆ. ಮೊದಲನೆಯದನ್ನು ಮೂರು ದಿನದೊಳಗೆ, ಮುಂದಿನವನ್ನು ಏಳು ದಿನದೊಳಗೆ ಶಾಖಾ ಕಚೇರಿಗೆ ಮುಟ್ಟಿಸಬೇಕು. ತಡವಾದರೆ ಹಿಂದಿನ ಕೆಲವು ದಿನಗಳ ಹಣ ಕೈತಪ್ಪಬಹುದು. ಸಕಾರಣ ತೋರಿಸಿದರೆ ವಿಮೆ ನಡೆಸುವ ಇಎಸ್‌ಐ ನಿಗಮ ಮನ್ನಿಸಬಹುದು. ಇತ್ತ ನಿಗಮಕ್ಕೂ ಗಡುವಿದೆ. 1950ರ ವಿನಿಯಮಗಳ ಪ್ರಕಾರ, ಕ್ಲೇಮು ಮತ್ತು ಪ್ರಮಾಣಪತ್ರ ಕ್ರಮಬದ್ಧವಾಗಿ ಕೈ ಸೇರಿದ ಏಳು ದಿನದೊಳಗೆ ಕಾಯಿಲೆ ಭತ್ಯೆಯ ಮೊದಲ ಪಾವತಿ ಆಗಬೇಕು. ಹೋಲಿಸಿದರೆ, ಕೆಲಸದಲ್ಲಿ ಗಾಯವಾದವರ ಮೊದಲ ಕಂತಿಗೆ ಒಂದು ತಿಂಗಳು. ಹೆರಿಗೆ ಭತ್ಯೆಗೆ 14 ದಿನ. ಎಲ್ಲಕ್ಕಿಂತ ಬಿಗಿಯಾದ ಗಡುವು ಕಾಯಿಲೆಯದೇ. ಕಾನೂನು ಬರೆದವರಿಗೆ ಮಲಗಿದ ಮನೆಯ ಅವಸರ ಗೊತ್ತಿತ್ತು ಎಂದು ಕಾಣುತ್ತದೆ.

ಹಿಂದೆ ಈ ಹಣ ಕಚೇರಿಯ ಕಿಟಕಿಯಲ್ಲಿ ನಗದಾಗಿ ಸಿಗುತ್ತಿತ್ತು, ಇಲ್ಲವೇ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಈಗ ಬ್ಯಾಂಕ್ ಖಾತೆಗೆ ಬರುತ್ತದೆ. ಕ್ಲೇಮನ್ನು ಮೊಬೈಲಿನಿಂದಲೂ ಹಾಕಬಹುದು. ಅನುಕೂಲ ಹೆಚ್ಚಿತು, ತೊಡಕೂ ಬಂತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು, ಹಜೇರಿ ಪುಸ್ತಕದಲ್ಲಿ ಮತ್ತೊಂದು. ಕನ್ನಡ, ಮರಾಠಿ, ಉರ್ದು ಮೂರೂ ಬೆರೆತ ಬೀದರ್ ಸೀಮೆಯಲ್ಲಿ ಒಂದೇ ಹೆಸರನ್ನು ಮೂರು ಕಚೇರಿ ಮೂರು ಬಗೆಯಲ್ಲಿ ಬರೆಯುವುದು ಹೊಸತಲ್ಲ. ಆ ಹೆಸರನ್ನು ಗಟ್ಟಿಮುಟ್ಟಾಗಿದ್ದಾಗಲೇ ಸರಿ ಮಾಡಿಸಿಕೊಳ್ಳುವುದು ಲೇಸು.

ಚೀಟಿ, ಕ್ಲೇಮು, ಏಳು ದಿನ. ಇಷ್ಟು ಸರಣಿ. ಇನ್ನು ಹೈದರಾಬಾದಿನಲ್ಲಿ ದುಡಿಯುವ ಸಾಯಗಾಂವದವರ ಸಂಗತಿ. ವಿಮೆ ರಾಜ್ಯದ ಗಡಿಗೆ ನಿಲ್ಲುವುದಿಲ್ಲ. ವಿಮಾ ಸಂಖ್ಯೆ ದೇಶಕ್ಕೆಲ್ಲ ಒಂದೇ. ಆದರೆ ಬೇಮಾರಿ ಬಿದ್ದವರು ಮಾಡುವ ಮೊದಲ ಕೆಲಸ ಬಸ್ಸು ಹತ್ತಿ ಊರಿಗೆ ಬರುವುದು. ನೋಡಿಕೊಳ್ಳುವವರು ಇರುವುದು ಊರಿನಲ್ಲಿ. ಕಾನೂನು ಇಲ್ಲೊಂದು ಷರತ್ತು ಇಟ್ಟಿದೆ. ಭತ್ಯೆ ಪಡೆಯುವವರು ಚಿಕಿತ್ಸೆಯಲ್ಲಿರಬೇಕು. ಚಿಕಿತ್ಸೆ ನಡೆಯುವ ಪ್ರದೇಶವನ್ನು ಅನುಮತಿ ಇಲ್ಲದೆ ಬಿಡಬಾರದು. ಹೀಗಾಗಿ ಊರಿಗೆ ಹೊರಡುವ ಮುನ್ನ ಇಎಸ್‌ಐ ವೈದ್ಯರಿಗೆ ಹೇಳಿ ಬರವಣಿಗೆಯಲ್ಲಿ ಅನುಮತಿ ಪಡೆಯಬೇಕು. ಊರಿಗೆ ಬಂದ ಮೇಲೆಯೇ ಕಾಯಿಲೆ ಶುರುವಾಗಿ ಹತ್ತಿರ ಇಎಸ್‌ಐ ದವಾಖಾನೆ ಇಲ್ಲದಿದ್ದರೆ, ಬೇರೆ ವೈದ್ಯರ ದಾಖಲೆಯನ್ನೂ ನಿಗಮ ಒಪ್ಪಬಹುದು. ಒಪ್ಪಲೇಬೇಕೆಂದಿಲ್ಲ. ಆದ್ದರಿಂದ ಭಾಲ್ಕಿಯ ಸರ್ಕಾರಿ ಆಸ್ಪತ್ರೆಯ ಚೀಟಿ, ಔಷಧಿಯ ರಸೀದಿ, ರಕ್ತಪರೀಕ್ಷೆಯ ವರದಿ ಎಲ್ಲವನ್ನೂ ತೆಗೆದಿಡಬೇಕು. ದೊಡ್ಡ ಕಾಯಿಲೆಗೆ ಈ ಭಾಗದವರಿಗೆ ಕಲಬುರಗಿಯ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಬೀದರ್‌ನಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ.

ದೊಡ್ಡ ಕಾಯಿಲೆಗೆ ದಿನಗಳೂ ಹೆಚ್ಚು. ಕ್ಷಯ, ಕುಷ್ಠ, ಕ್ಯಾನ್ಸರ್ ಸೇರಿ 34 ಕಾಯಿಲೆಗಳ ಪಟ್ಟಿ ಇದೆ. ಅವುಗಳಿಗೆ 91 ದಿನ ಮುಗಿದ ಮೇಲೂ ನೂರಕ್ಕೆ 80ರಂತೆ ಭತ್ಯೆ ಮುಂದುವರಿಯುತ್ತದೆ. ಒಟ್ಟು ಎರಡು ವರ್ಷದವರೆಗೆ ಹೋಗಬಹುದು. ಇದಕ್ಕೆ ಎರಡು ವರ್ಷದ ನಿರಂತರ ನೌಕರಿ, ಅದರಲ್ಲಿ ಕನಿಷ್ಠ 156 ದಿನದ ಕಂತು ಬೇಕು.

ವಿಮೆಯೊಳಗೆ ಇರುವವರ ಮಾತು ಇಲ್ಲಿಗೆ ಮುಗಿಯಿತು. ಈಗ ಹೊರಗೆ ಉಳಿದವರು. ಭಾಲ್ಕಿಯ ಮಟ್ಟಿಗೆ ಇದು ಸಣ್ಣ ಗುಂಪಲ್ಲ.

ಬೀದರ್ ಜಿಲ್ಲೆಯ ದೊಡ್ಡ ಕಾರ್ಖಾನೆಗಳೆಂದರೆ ಸಕ್ಕರೆಯವು. ಹಳ್ಳಿಖೇಡದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ, ಬೀದರ್ ತಾಲ್ಲೂಕಿನ ನಾರಂಜಾ, ಭಾಲ್ಕಿ ತಾಲ್ಲೂಕಿನ ಮಹಾತ್ಮ ಗಾಂಧಿ ಕಾರ್ಖಾನೆ ಈ ಸೀಮೆಯ ಪರಿಚಿತ ಹೆಸರುಗಳು. ಆದರೆ ಇಎಸ್‌ಐ ಕಾನೂನು ಹಂಗಾಮಿನ ಕಾರ್ಖಾನೆಗಳನ್ನು ಮೊದಲಿನಿಂದಲೂ ಹೊರಗಿಟ್ಟಿದೆ. ಆ ಪಟ್ಟಿಯಲ್ಲಿ ಹತ್ತಿ ಜಿನ್ನಿಂಗ್ ಇದೆ, ಶೇಂಗಾ ಸುಲಿಯುವುದು ಇದೆ, ಕಾಫಿ, ಚಹಾ ಇವೆ. ಸಕ್ಕರೆ ಇದೆ, ಬೆಲ್ಲವೂ ಇದೆ. ಹೊಸ ಸಂಹಿತೆಯೂ ಹಂಗಾಮಿನ ಕಾರ್ಖಾನೆಯನ್ನು ಹೊರಗೇ ಇಟ್ಟಿತು. ಬೇಳೆ ಗಿರಣಿಯ ಹೆಸರು ಈ ಪಟ್ಟಿಯಲ್ಲಿಲ್ಲ. ಹೀಗಾಗಿ ತೊಗರಿ ಒಡೆಯುವವನಿಗೆ ವಿಮೆ ದೊರೆಯಬಹುದು, ಕಬ್ಬು ಅರೆಯುವವನಿಗೆ ಇಲ್ಲ. ಇಬ್ಬರಿಗೂ ಬರುವ ಜ್ವರ ಒಂದೇ.

ಹೊರಗಿಟ್ಟದ್ದಕ್ಕೆ ಕಾರಣ ಇಲ್ಲದಿಲ್ಲ. ವರ್ಷದಲ್ಲಿ ಕೆಲವೇ ತಿಂಗಳು ದುಡಿಯುವವರಿಂದ ಆರಾರು ತಿಂಗಳ ಕಂತಿನ ಲೆಕ್ಕ ಹೊಂದಿಸುವುದು ಕಷ್ಟವಾಗಿತ್ತು. ಆದರೆ ಕಾರ್ಖಾನೆಯ ಕಾಯಂ ನೌಕರರು ವರ್ಷವಿಡೀ ಇರುತ್ತಾರೆ. ಅರೆಯುವುದು ನಿಂತ ಮೇಲೆ ಯಂತ್ರಗಳ ದುರಸ್ತಿ ಅವರದೇ. ಅವರೂ ಹೊರಗೇ. ಇದು 1948ರ ಕಾಲಕ್ಕೆ ಸರಿಯಿದ್ದಿರಬಹುದು, ಈಗ ಒಪ್ಪುವುದು ಕಷ್ಟ. ಇವರ ಬೇಮಾರಿ ರಜೆ ಕಾರ್ಖಾನೆಯ ಸ್ಥಾಯಿ ಆದೇಶಗಳು ಮತ್ತು ಸಂಘದೊಂದಿಗಿನ ಒಪ್ಪಂದವನ್ನು ಅವಲಂಬಿಸುತ್ತದೆ. ಅದರಂತೆ ಬರುವ ಹಣ ಮಾಲೀಕನದು. ಆದ್ದರಿಂದ ಮೊದಲು ಹೇಳಿದ ಪಗಾರದ ತಾರೀಖೇ ಇದಕ್ಕೂ ಅನ್ವಯ. ಕಾರ್ಖಾನೆ ನಷ್ಟದಲ್ಲಿದೆ ಎಂಬುದು 7ನೇ ತಾರೀಖನ್ನು ಮುಂದೂಡುವ ಕಾರಣವಾಗದು.

ಕಬ್ಬು ಕಡಿಯುವವರ ಪಾಡು ಇದಕ್ಕಿಂತ ಕೆಳಗಿನದು. ಅವರನ್ನು ತರುವವನು ಮುಕಾದಮ. ಹಂಗಾಮಿಗೆ ಮುಂಚೆಯೇ ಜೋಡಿಯ ಲೆಕ್ಕದಲ್ಲಿ ಮುಂಗಡ ಕೊಟ್ಟಿರುತ್ತಾನೆ. ಕಡಿದ ಟನ್ನಿನ ಮೇಲೆ ಆ ಮುಂಗಡ ತೀರಬೇಕು. ಬೇಮಾರಿ ಬಿದ್ದ ದಿನ ಟನ್ನು ಇಲ್ಲ. ಕೆಲವೆಡೆ ಗೈರಿನ ದಿನಕ್ಕೆ ದಂಡವನ್ನೂ ಮುಂಗಡಕ್ಕೆ ಸೇರಿಸುತ್ತಾರೆ. ಅವರಿಗೆ ಬೇಮಾರಿಯ ಪಗಾರ ಇಲ್ಲ, ಬೇಮಾರಿಯ ಸಾಲ ಉಂಟು. ಕಾಯಿಲೆಗೆಂದು ಇಂಥವರಿಗೂ ಸರ್ಕಾರದಿಂದ ಕ್ರಮವಾಗಿ ಬರುವ ನಗದಿಗೆ ಒಂದು ಉದಾಹರಣೆ ಕ್ಷಯರೋಗಿಗಳ ನಿಕ್ಷಯ್ ಪೋಷಣ್ ಯೋಜನೆ. ತಿಂಗಳಿಗೆ 500 ಇದ್ದದ್ದು 2024ರ ನವೆಂಬರ್‌ನಿಂದ 1,000 ರೂಪಾಯಿ ಆಯಿತು. ಮೂರು ಸಾವಿರದ ಎರಡು ಕಂತಿನಲ್ಲಿ ಬರುತ್ತದೆ. ಅದು ಪೌಷ್ಟಿಕ ಆಹಾರಕ್ಕೆಂದು ಕೊಡುವ ಹಣ, ಕೂಲಿಯ ಬದಲಲ್ಲ.

ಯಾರಿಗೆ ಯಾವ ದಾರಿಯಲ್ಲಿ ಹಣ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದು ಇಷ್ಟು. ಉಳಿದದ್ದು, ಬರಬೇಕಾದದ್ದು ಬರದಿದ್ದರೆ ಏನು ಎಂಬುದು.

ಪಗಾರದಿಂದ ಕಂತು ಮುರಿದುಕೊಂಡು ಠೇಕೇದಾರ ನಿಗಮಕ್ಕೆ ಕಟ್ಟಿರುವುದಿಲ್ಲ. ಇಂಥದ್ದು ನಡೆಯುತ್ತದೆ. ಕಂತು ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಆಗಿದೆಯೇ ಎಂದು ನೌಕರ ತನ್ನ ವಿಮಾ ಸಂಖ್ಯೆಯಿಂದ ನೋಡಿಕೊಳ್ಳಬಹುದು. ಮಾಲೀಕನ ತಪ್ಪಿನಿಂದ ಭತ್ಯೆ ತಪ್ಪಿದರೆ, ನಿಗಮ ನೌಕರನಿಗೆ ಹಣ ಕೊಟ್ಟು ಅದನ್ನು ಮಾಲೀಕನಿಂದ ವಸೂಲಿ ಮಾಡಲು ಕಾನೂನಿನಲ್ಲಿ ಅಧಿಕಾರವಿದೆ. ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ನೌಕರನನ್ನು ಕೆಲಸದಿಂದ ತೆಗೆಯುವುದನ್ನು, ಹುದ್ದೆ ಇಳಿಸುವುದನ್ನು, ದಂಡಿಸುವುದನ್ನು 1948ರ ಕಾಯ್ದೆಯ 73ನೇ ಕಲಂ ನಿಷೇಧಿಸಿತು. ಭತ್ಯೆಯ ಹಣವನ್ನು ಸಾಲಗಾರರು ಜಪ್ತಿ ಮಾಡುವಂತಿಲ್ಲ. ನೌಕರನೂ ಅದನ್ನು ಬೇರೆಯವರಿಗೆ ಬರೆದುಕೊಡುವಂತಿಲ್ಲ. ನೌಕರನ ಕಡೆಗೂ ನಿಯಮವಿದೆ. ಭತ್ಯೆ ಕೇಳಿದ ದಿನ ಬೇರೆಡೆ ಕೂಲಿಗೆ ಹೋಗಿರಬಾರದು. ಅದೇ ದಿನಕ್ಕೆ ಪಗಾರ ಸಹಿತ ರಜೆಯನ್ನೂ ಪಡೆದಿರಬಾರದು.

ಅಂಗಡಿ, ಕಾರ್ಖಾನೆಯ ಪಗಾರ ತಡವಾದರೆ ದೂರು ಕಾರ್ಮಿಕ ಇಲಾಖೆಗೆ. ಇಎಸ್‌ಐ ಹಣ ಏಳು ದಿನ ದಾಟಿದರೆ ಮೊದಲು ಶಾಖಾ ಕಚೇರಿಗೆ, ಬರವಣಿಗೆಯಲ್ಲಿ, ಸ್ವೀಕೃತಿ ಪಡೆದು. ಅಲ್ಲಿ ಇತ್ಯರ್ಥವಾಗದಿದ್ದರೆ ನೌಕರರ ವಿಮಾ ನ್ಯಾಯಾಲಯ ಇದೆ. 1948ರ ಕಾಯ್ದೆ ಅದಕ್ಕೆ ಮೂರು ವರ್ಷದ ಗಡುವು ಇಟ್ಟಿತ್ತು. ಅಲ್ಲಿಗೆ ಒಯ್ಯಬೇಕಾದದ್ದು ವೈದ್ಯರ ಪ್ರಮಾಣಪತ್ರ, ಕ್ಲೇಮಿನ ಪ್ರತಿ ಮತ್ತು ಕಚೇರಿ ಮೊಹರಿನ ಸ್ವೀಕೃತಿ ಪತ್ರ.